ಎರಡನೇ ಪ್ರಸಾರದ ಧ್ವನಿ

ಹೇಝೆಲ್ ಹೇಳುತ್ತಿದ್ದುದು ನಿಜ. ಅದು ನಿಜವೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅವರ ಮಗಳಿಗೆ ನಾನು ಫೋನಿನಲ್ಲಿ ಹೇಳಿದ ಮಾತು ಇದು — "ತಿದ್ದಲು ಹೋಗಬೇಡಿ. ಏನು ಹೇಳಿದರೂ ಹೌದು ಅನ್ನಿ. ಅವರ ಮನಸ್ಸಿಗೆ ಸಮಾಧಾನವಾಗುತ್ತದೆ."

ಆಗ ಹೇಝೆಲ್ ಇನ್ನೂ ಬದುಕಿದ್ದರು. ಆಮೇಲೆ ಹೆಚ್ಚು ದಿನ ಇರಲಿಲ್ಲ. ಇದಾಗಿ ಇಪ್ಪತ್ತು ವರ್ಷವಾಗುತ್ತ ಬಂತು. ಇಷ್ಟು ಕಾಲವೂ ನಾನು ನನಗೆ ಬೇರೊಂದು ಕಥೆ ಹೇಳಿಕೊಂಡು ಬಂದಿದ್ದೇನೆ — ಆ ಫೋನು ಬಂದಾಗ ನನಗಿನ್ನೂ ಸತ್ಯ ತಿಳಿದಿರಲಿಲ್ಲ, ತಿಳಿದದ್ದು ಅವರು ಹೋದ ಮೇಲೆ, ಎಂದು. ಹೇಳಿಕೊಂಡು ಹೇಳಿಕೊಂಡು ಅದೇ ನೆನಪಾಗಿಬಿಟ್ಟಿತ್ತು. ಕಣ್ಣು ಮುಚ್ಚಿದರೆ ಚಿತ್ರವೂ ಹಾಗೆಯೇ ಕಾಣುತ್ತಿತ್ತು. ನೆನಪುಗಳು ಹೀಗೆ ತಯಾರಾಗುತ್ತವೆ ಎಂಬುದನ್ನೇ ನಾನು ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುವುದು. ನಿಮಗೆ ನಗು ಬಂದರೆ ತಪ್ಪಿಲ್ಲ.

ಹೇಝೆಲ್ ಯಾರೆಂದು ಹೇಳಬೇಕು. ಅವರು ಯಾರೆಂದು ಯಾರಿಗೂ ತಿಳಿಯದಂತೆ ಮಾಡಿದವರಲ್ಲಿ ನಾನೂ ಒಬ್ಬ.

ಟೆಲಿವಿಷನ್ ಬರುವ ಮುಂಚೆ ಈ ದೇಶದಲ್ಲಿ ಸಂಜೆಯಾದರೆ ಮನೆಮಂದಿಯೆಲ್ಲ ರೇಡಿಯೋದ ಸುತ್ತ ಕೂತು ನಾಟಕ ಕೇಳುತ್ತಿದ್ದರು. ಹೇಝೆಲ್ ಆ ಕಾಲದ ರೇಡಿಯೋ ನಟಿ. ಸ್ಯಾನ್ ಫ್ರಾನ್ಸಿಸ್ಕೋದ ಸ್ಟುಡಿಯೋ ಒಂದಕ್ಕೆ ಹುಡುಗಿಯಾಗಿದ್ದಾಗಲೇ ಸೇರಿದರು. ಮೊದಲು ಸಿಕ್ಕ ಪಾತ್ರ ಅಳುವ ಕೂಸು. ದಿಂಬಿಗೆ ಮುಖ ಒತ್ತಿಕೊಂಡು ಅಳಬೇಕು, ಆಗ ಅಳು ಪಕ್ಕದ ಕೋಣೆಯಿಂದ ಬಂದ ಹಾಗೆ ಕೇಳಿಸುತ್ತದೆ. ಆಮೇಲೆ ಮನೆಗೆಲಸದವಳು, ಅಂಚೆಯವಳು, ಹಲ್ಲಿಲ್ಲದ ಅಜ್ಜಿ, ನೀರಿಗೆ ಬಿದ್ದ ಹುಡುಗಿಯ ಕಿರುಚಾಟ. ಒಂದೇ ನಾಟಕದಲ್ಲಿ ಅತ್ತೆಯೂ ಇವರೇ ಸೊಸೆಯೂ ಇವರೇ — ಮೈಕಿನಿಂದ ಅರ್ಧ ಹೆಜ್ಜೆ ಹಿಂದೆ ಸರಿದರೆ ಅತ್ತೆ, ಮುಂದೆ ಬಂದರೆ ಸೊಸೆ. ಮುಖ ಯಾರಿಗೂ ಬೇಕಿರಲಿಲ್ಲ. ಹಾಳೆ ತಿರುವಿದರೆ ಮೈಕಿಗೆ ಸದ್ದು ಕೇಳುತ್ತದೆಂದು, ಓದಿ ಮುಗಿಸಿದ ಹಾಳೆಯನ್ನು ಹಾಗೇ ಕೈಬಿಡಬೇಕಿತ್ತು. ಅದು ತೇಲಿಕೊಂಡು ಹೋಗಿ ಜಮಖಾನದ ಮೇಲೆ ಬೀಳುತ್ತಿತ್ತು. "ನಾಟಕ ಮುಗಿದಾಗ ನಾವೆಲ್ಲ ಮೊಣಕಾಲವರೆಗೆ ಕಾಗದದಲ್ಲಿ ನಿಂತಿರುತ್ತಿದ್ದೆವು, ಪ್ರೊಫೆಸರ್" ಎಂದು ಅವರು ಹೇಳಿದ್ದರು. ಮೊಣಕಾಲವರೆಗೆ ಎಂದಾಗ ನಾನು ಮನಸ್ಸಿನಲ್ಲೇ ಗುರುತು ಹಾಕಿಕೊಂಡೆ — ಉತ್ಪ್ರೇಕ್ಷೆ.

ನಾನು ಆಗ ಪ್ರೊಫೆಸರ್ ಆಗಿರಲಿಲ್ಲ. ಹಾಸನದ ಕಡೆಯಿಂದ ಬಂದು ಪಿಎಚ್‌ಡಿ ಮಾಡುತ್ತಿದ್ದ, ಕೆಲಸ ಸಿಗುತ್ತದೋ ಇಲ್ಲವೋ ಎಂದು ಹೆದರಿದ್ದ ವಿದ್ಯಾರ್ಥಿ. ಹೆಂಡತಿ ಸುಮಾಗೆ ಸಾಂಟಾ ಕ್ಲಾರಾದ ಚಿಪ್ ಕಂಪನಿಯಲ್ಲಿ ಕೆಲಸ; ಮೌಂಟನ್ ವ್ಯೂನಲ್ಲಿ ಬಾಡಿಗೆ ಅಪಾರ್ಟ್‌ಮೆಂಟು. ಹಳಬರು ತಮ್ಮ ರೇಡಿಯೋ ದಿನಗಳನ್ನು ಹೇಗೆ ನೆನಪಿಟ್ಟುಕೊಳ್ಳುತ್ತಾರೆ — ಇದು ನನ್ನ ಸಂಶೋಧನೆಯ ವಿಷಯ. ಹಾಗೆಂದು ಅವರಿಗೆ ಹೇಳುತ್ತಿದ್ದೆ. ನಿಜವಾದ ವಿಷಯ, ಹೇಗೆ ತಪ್ಪಾಗಿ ನೆನಪಿಟ್ಟುಕೊಳ್ಳುತ್ತಾರೆ ಎಂಬುದು.

ಎರಡು ರೈಲು ಬದಲಾಯಿಸಿ ಓಕ್ಲ್ಯಾಂಡಿಗೆ ಹೋಗುತ್ತಿದ್ದೆ. ಹೇಝೆಲ್ ಅಲ್ಲಿ ಮಗಳು ಕ್ಯಾರೊಲ್ ಜೊತೆ ಇದ್ದರು. ಕ್ಯಾರೊಲ್ ಶಾಲಾ ಟೀಚರು, ಮದುವೆಯಾಗಿರಲಿಲ್ಲ. ಎಂಬತ್ತು ದಾಟಿದ ಹೇಝೆಲ್ ನನ್ನ ಟೇಪ್ ರೆಕಾರ್ಡರನ್ನು ನೋಡಿದೊಡನೆ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದರು. "ಮೈಕನ್ನು ಹೀಗೆ ಮೂತಿಗೆ ಹಿಡಿಯಬೇಡಿ, ಪ್ರೊಫೆಸರ್. ನಾನೇನು ಐಸ್‌ಕ್ರೀಮ್ ನೆಕ್ಕುತ್ತಿದ್ದೇನೆಯೇ? ಅಲ್ಲಿಡಿ. ಓರೆಯಾಗಿ. ಹಾಂ." ಮೈಕಿನ ಜಾಗ ಸರಿಹೋದ ಮೇಲೆಯೇ ಮಾತು ಶುರು.

ರೇಡಿಯೋ ನಾಟಕ ನಿಂತುಹೋದ ಮೇಲೆ ಅವರಿಗೆ ಸಿಕ್ಕ ಕೆಲಸ ಆಸ್ಪತ್ರೆಯದು — ಧ್ವನಿವರ್ಧಕದಲ್ಲಿ ಡಾಕ್ಟರುಗಳ ಹೆಸರು ಕರೆಯುವುದು. ಇಂಥ ಡಾಕ್ಟರು ಇಂಥ ವಾರ್ಡಿಗೆ ಬರಬೇಕು. ನಿವೃತ್ತಿಯಾಗುವ ತನಕ ಅದೇ. "ಪರದೆ ಮೇಲೆ ಹೋಗೋಣವೆಂದರೆ ಈ ಮೂಗು ಇತ್ತಲ್ಲ" ಎಂದು ತಮ್ಮ ದೊಡ್ಡ ಮೂಗನ್ನು ತೋರಿಸಿ ನಕ್ಕಿದ್ದರು. ಹಾಗೆ ನಕ್ಕಿದ್ದನ್ನು ನಾನು ಟೇಪಿನಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಆದ್ದರಿಂದ ಇದನ್ನು ನಂಬಬಹುದು.

ಗುಟ್ಟು ಬಾಯಿಬಿಟ್ಟಿದ್ದು ಕೆಲವು ವಾರಗಳಾದ ಮೇಲೆ. ಆ ಕಾಲದಲ್ಲಿ ಕಡಲತೀರದ ಊರೊಂದರ ವೈದ್ಯೆಯ ಕಥೆ ವಾರಕ್ಕೊಮ್ಮೆ ಬರುತ್ತಿತ್ತು — ಡಾಕ್ಟರ್ ಆನಾ. ಆನಾ ಪಾತ್ರ ಮಾಡುತ್ತಿದ್ದವರು ಹೆಸರಾಂತ ನಟಿ; ಅವರ ಹೆಸರು ಇಲ್ಲಿ ಬೇಡ. ಪತ್ರಿಕೆಗಳಲ್ಲಿ ಅವರದೇ ಚಿತ್ರ. ಹೇಝೆಲ್ ಅದೇ ನಾಟಕದಲ್ಲಿ ಆನಾಳ ಮನೆಗೆಲಸದವಳು.

"ಆನಾ ನಾನು" ಎಂದರು ಹೇಝೆಲ್ ಒಂದು ದಿನ.

ಕ್ಯಾರೊಲ್ ಅಡುಗೆಮನೆಯಲ್ಲಿದ್ದವರು ಬಾಗಿಲಿಗೆ ಬಂದು ನಿಂತರು.

ಹೇಝೆಲ್ ಹೇಳಿದ್ದು ಇಷ್ಟು. ರೆಕಾರ್ಡು ಮಾಡಿದ್ದನ್ನು ಪ್ರಸಾರ ಮಾಡುವುದಕ್ಕೆ ಆಗ ದೊಡ್ಡ ರೇಡಿಯೋ ಜಾಲಗಳು ಒಪ್ಪುತ್ತಿರಲಿಲ್ಲ. ನಾಟಕವೆಂದರೆ ಆ ಕ್ಷಣದಲ್ಲೇ ಆಡಬೇಕು. ಆದರೆ ಪೂರ್ವ ಕರಾವಳಿಯಲ್ಲಿ ರಾತ್ರಿ ಎಂಟಾದಾಗ ಇಲ್ಲಿನ್ನೂ ಸಂಜೆ ಐದು. ಅದಕ್ಕೆ ಒಂದೇ ನಾಟಕವನ್ನು ಎರಡು ಸಲ ಆಡುತ್ತಿದ್ದರು — ಸಂಜೆ ಆಡಿದ್ದು ನ್ಯೂಯಾರ್ಕಿನವರಿಗೆ, ಮೂರು ಗಂಟೆ ಬಿಟ್ಟು ಅದನ್ನೇ ಮತ್ತೆ ಮೊದಲಿನಿಂದ, ನಮ್ಮ ಈ ಕಡೆಯವರಿಗೆ. ಆ ದೊಡ್ಡ ನಟಿಗೆ ಸಂಜೆಯ ಹೊತ್ತು ರಂಗಮಂದಿರದಲ್ಲೂ ನಾಟಕವಿರುತ್ತಿತ್ತು. ಮೊದಲ ಪ್ರಸಾರ ಮುಗಿಸಿ ಕಾರು ಹತ್ತಿಬಿಡುತ್ತಿದ್ದರು. ಎರಡನೆಯದರಲ್ಲಿ ಆನಾ ಆಗಿ ಹೇಝೆಲ್ ನಿಲ್ಲುತ್ತಿದ್ದರು, ಆ ನಟಿಯ ಧ್ವನಿಯಲ್ಲಿ, ಅವರ ಉಸಿರಿನ ಲಯದಲ್ಲಿ. ಯಾರಿಗಾದರೂ ಗೊತ್ತಾದರೆ ಅವತ್ತೇ ಕೆಲಸ ಹೋಗುತ್ತದೆಂದು ನಿರ್ಮಾಪಕರು ಹೇಳಿದ್ದರು.

"ಯಾರಿಗೂ ಗೊತ್ತಾಗಲಿಲ್ಲ" ಎಂದರು ಹೇಝೆಲ್. "ಅಷ್ಟು ಚೆನ್ನಾಗಿ ಮಾಡಿದೆ. ಅದೇ ನಾನು ಮಾಡಿದ ತಪ್ಪು."

ಅವತ್ತು ನನ್ನನ್ನು ಬಾಗಿಲ ತನಕ ಬಿಡಲು ಬಂದ ಕ್ಯಾರೊಲ್ ಮೆಟ್ಟಿಲ ಮೇಲೆ ನಿಲ್ಲಿಸಿದರು. "ಶ್ರೀ, ಒಂದು ಕೇಳಲೇ? ನಾನು ಸ್ಕೂಲಿನಲ್ಲಿದ್ದಾಗ ಇದನ್ನು ಹೆಮ್ಮೆಯಿಂದ ಎಲ್ಲರಿಗೂ ಹೇಳಿದ್ದೆ. ಹುಡುಗಿಯರು ಮ್ಯಾಗಜೀನ್ ತಂದು ಆ ನಟಿಯ ಫೋಟೋ ತೋರಿಸಿ, ಇವಳೇನಾ ನಿಮ್ಮಮ್ಮ, ಮೂಗು ಎಲ್ಲಿ ಹೋಯ್ತು ಅಂತ ಆಡಿಕೊಂಡರು. ಅವತ್ತಿನಿಂದ ನನಗೆ ಗೊತ್ತಿಲ್ಲ — ಅಮ್ಮ ದೊಡ್ಡ ನಟಿಯೋ, ಸುಳ್ಳಿಯೋ. ಐವತ್ತು ದಾಟಿತು. ನೀವು ಓದಿದವರು. ಹುಡುಕಿ ಹೇಳಿ."

ಹುಡುಕಿದೆ. ಗ್ರಂಥಭಂಡಾರ ಒಂದರಲ್ಲಿ ಆ ನಾಟಕದ ಒಂದು ಕಂತಿನ ಧ್ವನಿಮುದ್ರಣ ಉಳಿದಿತ್ತು. ಪ್ರಸಾರಕ್ಕಲ್ಲ, ಪ್ರಾಯೋಜಕರು ಕೇಳಿ ನೋಡಲೆಂದು ಡಿಸ್ಕಿಗೆ ಇಳಿಸಿದ್ದು. ಅದೃಷ್ಟವೆಂದರೆ ಹೇಝೆಲ್ ತುಂಬ ಹೇಳುತ್ತಿದ್ದ ಕಂತೇ ಅದು: ಬಿರುಗಾಳಿಯಲ್ಲಿ ಬೆಸ್ತರ ಹೆಂಗಸೊಬ್ಬಳಿಗೆ ಹೆರಿಗೆ ಮಾಡಿಸುವ ಕಂತು. ಗುಡುಗಿನ ಸದ್ದಿಗಾಗಿ ಸ್ಟುಡಿಯೋದಲ್ಲಿ ಆಳೆತ್ತರದ ತಗಡೊಂದನ್ನು ನೇತುಹಾಕಿ ಅಲುಗಾಡಿಸುತ್ತಿದ್ದರು. ಆವತ್ತು ಹೆರಿಗೆಯ ಮಧ್ಯದಲ್ಲಿ ಆ ತಗಡು ಹಗ್ಗ ಕಿತ್ತು ನೆಲಕ್ಕೆ ಬಿತ್ತಂತೆ. ಹೇಝೆಲ್ ಹಾಳೆಯಲ್ಲಿಲ್ಲದ ಮಾತೊಂದನ್ನು ಅಲ್ಲೇ ಹುಟ್ಟಿಸಿ ನಾಟಕವನ್ನು ಉಳಿಸಿದರಂತೆ — "ಮಾಡಿನ ತಗಡು ಅದು. ಬೀಳಲಿ ಬಿಡು. ನೀನು ನನ್ನನ್ನು ನೋಡು."

ನಾನು ಕೇಳಿದ ಧ್ವನಿಮುದ್ರಣದಲ್ಲಿ ತಗಡು ಬೀಳುವುದಿಲ್ಲ. ಆ ಮಾತೂ ಇಲ್ಲ. ಆನಾ ಮೊದಲಿನಿಂದ ಕೊನೆಯವರೆಗೆ ಆ ದೊಡ್ಡ ನಟಿಯೇ.

ಅದನ್ನು ಅವರ ಮನೆಗೆ ತೆಗೆದುಕೊಂಡು ಹೋಗಿ ತಾಯಿ ಮಗಳು ಇಬ್ಬರೂ ಇದ್ದಾಗಲೇ ಹಾಕಿದೆ. ಏಕೆ ಇಬ್ಬರೆದುರಿಗೂ? ಪ್ರತಿಕ್ರಿಯೆ ನೋಡಬೇಕಿತ್ತು. ನನ್ನ ರೆಕಾರ್ಡರೂ ಓಡುತ್ತಿತ್ತು. ಮುಗಿದ ಮೇಲೆ ಹೇಳಿದೆ — "ಹೇಝೆಲ್, ಇದರಲ್ಲಿ ಆನಾ ನೀವಲ್ಲ."

ಅವರಿಗೆ ಒಂದಿಷ್ಟೂ ಗಾಬರಿಯಾಗಲಿಲ್ಲ. "ಅಲ್ಲ, ನಾನಲ್ಲ. ಇದು ಮೊದಲನೇ ಪ್ರಸಾರ. ಆನಾ ನಾನಾಗುತ್ತಿದ್ದುದು ಎರಡನೆಯದರಲ್ಲಿ. ನಿಮಗೆ ಹೇಳಿದೆನಲ್ಲ."

"ಎರಡನೆಯದರ ಡಿಸ್ಕು?"

"ಅದನ್ನು ಯಾರು ಇಡುತ್ತಾರೆ? ಪ್ರಾಯೋಜಕರು ಇದ್ದಿದ್ದು ನ್ಯೂಯಾರ್ಕಿನಲ್ಲಿ. ಅವರು ಕೇಳುತ್ತಿದ್ದುದು ಮೊದಲನೆಯದು."

ಇದಕ್ಕಿಂತ ಸರಳವಾದ ಉತ್ತರ ಇರಲು ಸಾಧ್ಯವೇ? ನಾಟಕಗಳನ್ನು ಎರಡು ಸಲ ಆಡುತ್ತಿದ್ದರೆಂದು ನನಗೆ ಪುಸ್ತಕಗಳಿಂದಲೂ ಗೊತ್ತಿತ್ತು. ಆದರೆ ಎರಡಕ್ಕೂ ಕಲಾವಿದರು ಅವರೇ ಎಂದು ನಾನು ಅಂದುಕೊಂಡಿದ್ದೆ — ಎಲ್ಲೂ ಹಾಗೆ ಬರೆದಿರಲಿಲ್ಲ, ಸುಮ್ಮನೆ ಅಂದುಕೊಂಡಿದ್ದೆ. ಊರಿಗೆ ಫೋನು ಮಾಡುವ ಮುಂಚೆ ಅಲ್ಲೀಗ ಎಷ್ಟು ಗಂಟೆ ಎಂದು ದಿನಾ ಬೆರಳು ಮಡಿಚುವವನು, ಇಲ್ಲಿಯ ಕೇಳುಗರ ಸಂಜೆಯೇ ಬೇರೆ, ಅಲ್ಲಿಯವರ ಸಂಜೆಯೇ ಬೇರೆ, ಈ ಡಿಸ್ಕು ಯಾರ ಸಂಜೆಯದು ಎಂದು ಒಂದು ಗಳಿಗೆ ಯೋಚಿಸಲಿಲ್ಲ. ನನ್ನ ಕಿವಿಗೆ ಬಿದ್ದದ್ದು ಸಿಕ್ಕಿಬಿದ್ದವರ ಸಬೂಬು. ಎಷ್ಟು ಸೊಗಸಾದ ಸಬೂಬು ಎಂದು ಒಳಗೊಳಗೇ ಖುಷಿಯಾಯಿತು, ನಿಜ ಹೇಳಬೇಕೆಂದರೆ.

ಕ್ಯಾರೊಲ್ ಎದ್ದು ಹೋಗಿ ಒಗೆದ ಬಟ್ಟೆ ಮಡಿಸಲು ತೊಡಗಿದರು.

ನನ್ನ ಪ್ರಬಂಧದ ತಿರುಳು ಅಲ್ಲಿಂದ ಹುಟ್ಟಿತು. ಅದರಲ್ಲಿ ಹೇಝೆಲ್ ಬರೀ "ಶ್ರೀಮತಿ ಎಚ್". ಅದರಲ್ಲೊಂದು ವಾಕ್ಯ ಬರೆದಿದ್ದೆ: ಇಕ್ಕಟ್ಟಿಗೆ ಸಿಕ್ಕ ನೆನಪು ತಪ್ಪೊಪ್ಪಿಕೊಳ್ಳುವುದಿಲ್ಲ, ಅಡಗಿಕೊಳ್ಳಲು ಹೊಸ ಕೋಣೆಯೊಂದನ್ನು ಕಟ್ಟುತ್ತದೆ, ಶ್ರೀಮತಿ ಎಚ್ ಕಟ್ಟಿದ ಕೋಣೆಯ ಹೆಸರು ಎರಡನೇ ಪ್ರಸಾರ. ಆ ವಾಕ್ಯವನ್ನು ಎಲ್ಲರೂ ಮೆಚ್ಚಿದರು. ಅದರ ಬಲದ ಮೇಲೆ ಸಂದರ್ಶನಕ್ಕೆ ಕರೆ ಬಂತು.

ಇಲ್ಲಿಯವರೆಗೆ ನಾನು ಮಾಡಿದ್ದು ತಪ್ಪು, ದ್ರೋಹವಲ್ಲ. ಸಂದೇಹಪಡುವುದು ನನ್ನ ಕಸುಬು, ಸಂದೇಹ ತಪ್ಪಾಗಬಹುದು. ಆದರೆ ಮುಂದಿನದು —

ಸಾಂಟಾ ಕ್ಲಾರಾದಲ್ಲಿ ನಿವೃತ್ತ ದಂತವೈದ್ಯರೊಬ್ಬರಿದ್ದರು, ಮರ್ವಿನ್ ಎಂದು. ಹಳೆಯ ರೇಡಿಯೋ ಡಿಸ್ಕುಗಳನ್ನು ಕೂಡಿಡುವ ಹುಚ್ಚು. ಪ್ರಬಂಧ ಅಚ್ಚಾದ ಮೇಲೆ ಯಾರೋ ಅವರ ಹೆಸರು ಹೇಳಿದರು. ಶನಿವಾರ ಎಲ್ ಕಮೀನೋ ರಸ್ತೆಯ ಇಂಡಿಯನ್ ಅಂಗಡಿಯಲ್ಲಿ ಗ್ರೋಸರಿ ಮುಗಿಸಿಕೊಂಡು ಸುಮಾಳ ಜೊತೆಗೇ ಅವರ ಮನೆಗೆ ಹೋದೆ. ಗ್ಯಾರೇಜಿನ ತುಂಬ ಊಟದ ತಟ್ಟೆಗಿಂತ ದೊಡ್ಡ ಕಪ್ಪು ಡಿಸ್ಕುಗಳು. ಸುಮಾ ಆ ವಾಸನೆಗೆ ಒಳಗೆ ಬರಲಾರದೆ ಕಾರಿನಲ್ಲೇ ಕೂತಳು.

ಬಿರುಗಾಳಿಯ ಕಂತು ಎಂದೆ. ಮರ್ವಿನ್ ಕನ್ನಡಕದ ಮೇಲಿಂದ ನೋಡಿದರು. "ಯಾವುದು ಬೇಕು? ಪೂರ್ವದ್ದೋ, ಪಶ್ಚಿಮದ್ದೋ?"

ಹತ್ತಿರವಿದ್ದ ಪೆಟ್ಟಿಗೆಯೊಂದರ ಮೇಲೆ ಕೂತೆ.

"ಪೂರ್ವದ್ದು ಎಲ್ಲರ ಹತ್ತಿರವೂ ಇದೆ, ಅದಕ್ಕೆ ನನ್ನ ಮನೆಗೆ ಬರಬೇಕಿಲ್ಲ" ಎಂದು ಅವರೇ ಮುಂದುವರಿಸಿದರು. "ಇದು ಪಶ್ಚಿಮದ್ದು. ಇಲ್ಲಿಯ ಪುಟ್ಟ ಸ್ಟೇಷನ್ನಿನ ಎಂಜಿನಿಯರ್ ಒಬ್ಬ ಹೊಸ ಯಂತ್ರ ಬಂದಿತ್ತೆಂದು ತಮಾಷೆಗೆ ಡಿಸ್ಕಿನಲ್ಲಿ ಕೊರೆದಿಟ್ಟದ್ದು. ಕೇಳಿ. ಇವಳು ಅವಳಲ್ಲ."

"ಹೇಗೆ ಹೇಳುತ್ತೀರಿ?"

"ಆ ದೊಡ್ಡ ನಟಿಯ ಮುಂದಿನ ಹಲ್ಲುಗಳ ನಡುವೆ ಸಂದು. 'ಸ' ಅಂದಾಗಲೆಲ್ಲ ಸಣ್ಣದಾಗಿ ಸೀಟಿ ಹೊಡೆಯುತ್ತೆ. ಜೀವಮಾನವೆಲ್ಲ ಜನರ ಬಾಯಿಯೊಳಗೇ ಕಳೆದಿದ್ದೇನೆ ಸ್ವಾಮಿ, ನನಗೆ ಮೋಸ ಮಾಡೋಕಾಗುತ್ತಾ! ಈ ಹುಡುಗಿ ಎಲ್ಲಾ ನಕಲು ಮಾಡಿದ್ದಾಳೆ, ಹಲ್ಲು ಮಾತ್ರ ತನ್ನದೇ. ಯಾರೋ ಏನೋ. ಪಾಪ, ಚೆನ್ನಾಗಿ ಮಾಡಿದ್ದಾಳೆ."

ಡಿಸ್ಕಿನ ಮೇಲೆ ಮುಳ್ಳು ಇಟ್ಟರು. ಗಾಳಿ. ಸಮುದ್ರ. ಹೆಂಗಸಿನ ನರಳಾಟ. ಆಮೇಲೆ ಗ್ಯಾರೇಜಿನ ಗೋಡೆ ನಡುಗುವ ಹಾಗೆ ಏನೋ ಬಿತ್ತು. ಒಂದು ಉಸಿರಿನಷ್ಟು ಮೌನ. ಆ ಮೌನದಲ್ಲಿ — ವಾರಗಟ್ಟಲೆ ಟೇಪಿನಲ್ಲಿ ಕೇಳಿದ್ದೆನಲ್ಲ — ಮಾತಿಗೆ ಮುಂಚೆ ಹೇಝೆಲ್ ಮೂಗಿನಿಂದ ಉಸಿರೆಳೆಯುವ ಸದ್ದು. ಆಮೇಲೆ, ಅವಸರವೇ ಇಲ್ಲದ ಧ್ವನಿ: ಮಾಡಿನ ತಗಡು ಅದು. ಬೀಳಲಿ ಬಿಡು. ನೀನು ನನ್ನನ್ನು ನೋಡು.

ಮರ್ವಿನ್ ಅದರ ಸಿಡಿ ಪ್ರತಿ ಮಾಡಿಕೊಟ್ಟರು. ಕಾರಿನಲ್ಲಿ ಸುಮಾಗೆ ಎಲ್ಲ ಹೇಳಿದೆ. ಅವಳಿಗೆ ಸಂಭ್ರಮ. "ಅಯ್ಯೋ, ಈಗ್ಲೇ ಫೋನ್ ಮಾಡು ಅವರಿಗೆ! ಎಷ್ಟು ಖುಷಿಯಾಗುತ್ತೆ ಪಾಪ ಆ ಅಜ್ಜಿಗೆ." ಸಂದರ್ಶನ ಮುಗಿಯಲಿ ಎಂದೆ. ಸಂದರ್ಶನ ಮುಗಿಯಿತು, ಕೆಲಸ ಸಿಕ್ಕಿತು. ಆದೇಶ ಕೈಗೆ ಬರಲಿ ಎಂದುಕೊಂಡೆ. ಬಂತು. ಹೊಸ ಊರಿನ ಹೊಸಬ, ಬಂದ ತಿಂಗಳೇ ನಾನು ಬರೆದದ್ದು ತಪ್ಪು ಎನ್ನುವುದು ಹೇಗೆ ಎಂದುಕೊಂಡೆ. ಸುಮಾ ಮತ್ತೊಮ್ಮೆ ಕೇಳಿದಾಗ, "ಹೇಳಿದೆ, ತುಂಬಾ ಸಂತೋಷಪಟ್ಟರು" ಎಂದೆ.

ಹೌದು, ಹಾಗೆಂದೆ. ಆದರೆ ಇದನ್ನು ಮೊನ್ನೆಮೊನ್ನೆಯವರೆಗೆ ನಾನು ಪೂರ್ತಿ ಮರೆತಿದ್ದೆ — ಮರೆತಿದ್ದೆನೋ, ಮುಚ್ಚಿಟ್ಟಿದ್ದೆನೋ, ಎರಡರ ನಡುವಿನ ಗೆರೆ ಎಲ್ಲಿದೆಯೋ...

ಆಮೇಲೆ ಕ್ಯಾರೊಲ್ ಫೋನು ಬಂತು. ಹೇಝೆಲ್ ಆಸ್ಪತ್ರೆಯಲ್ಲಿದ್ದರು. "ದಿನವಿಡೀ ಆನಾಳ ಮಾತುಗಳನ್ನು ಹೇಳುತ್ತಿದ್ದಾರೆ, ಶ್ರೀ. ನರ್ಸುಗಳಿಗೆಲ್ಲ ಆನಾ ನಾನೇ ಅನ್ನುತ್ತಾರೆ. ನನ್ನ ಮುಖ ನೋಡುತ್ತಾರೆ. ನಾನೇನು ಮಾಡಲಿ? ಅದು ಸುಳ್ಳೆಂದು ಗೊತ್ತಿದ್ದೂ ಹೌದು ಎನ್ನಲೇ? ನೀವು ಈ ವಿಷಯ ಓದಿದವರು." ಅದಕ್ಕೆ ನಾನು ಕೊಟ್ಟ ಉತ್ತರವನ್ನು ಮೊದಲೇ ಬರೆದಿದ್ದೇನೆ. ದನಿಯನ್ನು ತುಂಬ ಮೃದು ಮಾಡಿಕೊಂಡು ಹೇಳಿದ್ದೆ. ಕ್ಯಾರೊಲ್ ನನಗೆ ಥ್ಯಾಂಕ್ಸ್ ಹೇಳಿದರು.

ಇದೆಲ್ಲ ಈಗ ಏಕೆ ಎಂದರೆ, ಕಳೆದ ತಿಂಗಳ ಒಂದು ಭಾನುವಾರದ ಊಟ. ಮನೆಗೆ ಸ್ನೇಹಿತರು ಬಂದಿದ್ದರು. ಹೇಝೆಲ್ ಕಥೆಯನ್ನು ನಾನು ಇಂಥ ಊಟಗಳಲ್ಲಿ ಹೇಳುವುದುಂಟು, ರಸವತ್ತಾಗಿ ಹೇಳುತ್ತೇನೆ. ಮರ್ವಿನ್‌ನ ಹಲ್ಲಿನ ಪತ್ತೇದಾರಿಗೆ ಎಲ್ಲರೂ ನಗುತ್ತಾರೆ. ಕೊನೆಗೆ, "ಆದರೆ ಏನು ಮಾಡೋದು, ನನಗೆ ಗೊತ್ತಾಗುವಷ್ಟರಲ್ಲಿ ಆಕೆ ತೀರಿಕೊಂಡಿದ್ದರು" ಎನ್ನುತ್ತೇನೆ. ಎಲ್ಲರೂ ಛೇ ಎನ್ನುತ್ತಾರೆ. ಅವತ್ತೂ ಎಂದರು.

ಅವರೆಲ್ಲ ಹೋದ ಮೇಲೆ ಸುಮಾ ಪಾತ್ರೆಗಳನ್ನು ಡಿಶ್‌ವಾಷರಿಗೆ ತುಂಬುತ್ತ ಕೇಳಿದಳು. "ಶ್ರೀ, ಪ್ರತಿ ಸಲ ಕೇಳಿದಾಗ್ಲೂ ಅನ್ಸುತ್ತೆ, ಅದು ಹಂಗಲ್ಲ ಅಲ್ವಾ?"

"ಯಾವುದು?"

"ಆ ಅಜ್ಜಿ ತೀರಿಕೊಂಡ ಮೇಲೆ ಗೊತ್ತಾಗಿದ್ದು ಅಂದ್ಯಲ್ಲ. ಮುಂಚೇನೇ ಗೊತ್ತಿತ್ತು ನಿನಗೆ."

"ಇಲ್ಲ ಕಣೇ. ನಿನಗೆ ಕನ್‌ಫ್ಯೂಸ್ ಆಗಿದೆ. ನೆನಪು ಹೀಗೆಲ್ಲಾ—"

"ಕ್ಲಾಸ್ ತಗೋಬೇಡ ನನಗೆ." ಕೈ ಒರೆಸಿಕೊಂಡು ತಿರುಗಿದಳು. "ಆ ಡೆಂಟಿಸ್ಟ್ ಮನೆಗೆ ಹೋದಾಗ ನಾನು ಯಾಕೋ ಕಾರಲ್ಲೇ ಕೂತಿದ್ದು? ಅನನ್ಯ ಹೊಟ್ಟೇಲಿದ್ಲು. ಮೂರನೇ ತಿಂಗಳು. ಆ ಗ್ಯಾರೇಜ್ ವಾಸನೆಗೆ ಅಂಗಡೀಲಿ ತಿಂದಿದ್ದ ದೋಸೆ ಎಲ್ಲಾ ಅವರ ಗುಲಾಬಿ ಗಿಡದ ಬುಡಕ್ಕೆ ಹೋಯ್ತು. ಕ್ಯಾರೊಲ್ ಫೋನ್ ಬಂದಾಗ ಬಾಣಂತಿ ನಾನು, ಅನನ್ಯ ನನ್ನ ತೋಳಲ್ಲಿದ್ಲು, ಕೂಗಾಡ್ತಿದ್ಲು ಅಂತ ನೀನು ಫೋನ್ ತಗೊಂಡು ಬಾಲ್ಕನಿಗೆ ಹೋದೆ. ನೀನು ಎಷ್ಟಾದ್ರೂ ಪ್ರೊಫೆಸರ್ ಆಗಿರಪ್ಪ, ಹೆತ್ತವಳಿಗೆ ಅದು ಹಿಂದೆಮುಂದೆ ಆಗುತ್ತಾ?"

ನಾನು ಸಾಕ್ಷಿಗಳನ್ನು ತೂಗುವವನು. ಇದು ಅಲ್ಲಾಡಿಸಲಾಗದ ಸಾಕ್ಷಿ. ಎಲ್ಲಾದರೂ ಸಂದು ಸಿಗುತ್ತದೋ ಎಂದು ಹುಡುಕಿದೆ, ಸುಳ್ಳೇಕೆ. ಸಿಗಲಿಲ್ಲ.

"ಆದ್ರೆ ನೀನು ಮುಂಚೇನೇ ಅಜ್ಜಿಗೆ ಹೇಳಿದ್ಯಲ್ಲ, ಇನ್ನೇನು" ಎಂದಳು ಸುಮಾ. "ತುಂಬಾ ಸಂತೋಷಪಟ್ಟರು ಅಂದಿದ್ದೆ." ನಾನು ಮೇಜಿನ ಮೇಲಿನ ಲೋಟಗಳನ್ನು ಎತ್ತತೊಡಗಿದೆ. ಅವಳು ನನ್ನ ಮುಖ ನೋಡಿದಳು. "ಹೇಳಿದ್ದೆ ತಾನೆ?"

ಅವಳು ಆಮೇಲೆ ನನ್ನ ಜೊತೆ ಮಾತಾಡಿದ್ದು ಮಾರನೆಯ ದಿನ ಸಂಜೆ. "ಕ್ಯಾರೊಲ್ ಬದುಕಿದ್ದಾರಾ ನೋಡು" — ಅಷ್ಟೇ.

ಬದುಕಿದ್ದರು. ಅದೇ ಓಕ್ಲ್ಯಾಂಡಿನ ಮನೆ. ಫೋನಿನಲ್ಲಿ ಹೆಸರು ಹೇಳಿದೊಡನೆ ಗುರುತು ಹಿಡಿದರು. "ಓ ಶ್ರೀ! ಮಗಳು ಹೇಗಿದ್ದಾಳೆ? ನಾನು ಕೊನೆಯ ಸಲ ಫೋನ್ ಮಾಡಿದಾಗ ಹಿಂದೆ ಕಿರುಚುತ್ತಿದ್ದಳು." ಹಾಗೆ, ಸುಮಾಳ ಸಾಕ್ಷಿಗೆ ಎರಡನೇ ಸಾಕ್ಷಿ.

ಶನಿವಾರ ಬೆಳಿಗ್ಗೆ ಹೋದೆ. ದಾರಿಯಲ್ಲಿ ಒಂದು ವಾಕ್ಯ ತಯಾರು ಮಾಡಿಕೊಂಡಿದ್ದೆ — "ಇತ್ತೀಚೆಗೆ ನನ್ನ ಕೈಗೆ ಒಂದು ಧ್ವನಿಮುದ್ರಣ ಸಿಕ್ಕಿತು." ಕ್ಯಾರೊಲ್‌ಗೆ ಸಂತೋಷವಾಗುತ್ತದೆ. ಯಾರಿಗೂ ನೋವಾಗುವುದಿಲ್ಲ. ಅವರ ಅಮ್ಮ ಸುಳ್ಳಿಯಲ್ಲವೆಂದು ತಿಳಿದರೆ ಸಾಕಲ್ಲವೇ, ಯಾವಾಗ ತಿಳಿಯಿತು ಎಂಬುದರಿಂದ ಯಾರಿಗೇನು... ಆ ವಾಕ್ಯವನ್ನು ಫ್ರೀವೇಯುದ್ದಕ್ಕೂ ಬಾಯಲ್ಲಿಟ್ಟುಕೊಂಡು ಹೋದೆ.

ಕ್ಯಾರೊಲ್‌ಗೆ ಈಗ ತಾಯಿಯದೇ ಮುಖ, ತಾಯಿಯದೇ ಮೂಗು. ಪೀಠಿಕೆಯಿಲ್ಲದೆ ಸಿಡಿ ಹಾಕಿದೆ. ತಗಡು ಬೀಳುವ ತನಕ ಅವರಿಗೆ ಕಾಯಬೇಕಾಗಲಿಲ್ಲ. ಆನಾ ಬಾಗಿಲು ತೆರೆದು ಒಳಬರುವ ಮೊದಲ ಮಾತಿಗೇ ಕೈ ಎದೆಗೆ ಹೋಯಿತು. ಪೂರ್ತಿ ಕೇಳಿದರು. ಅಳಲಿಲ್ಲ. ಕಿಟಕಿಯಾಚೆ ಬಂದರಿನ ಕಡೆಗೆ ಲಾರಿಗಳು ಹೋಗುತ್ತಿದ್ದವು.

"ಇದು ಯಾವಾಗ ಸಿಕ್ಕಿತು?" ಎಂದರು.

ದಾರಿಯುದ್ದಕ್ಕೂ ಬಾಯಲ್ಲಿದ್ದ ವಾಕ್ಯವನ್ನು ನುಂಗಿಕೊಂಡೆ. "ನಿಮ್ಮ ಅಮ್ಮ ಬದುಕಿದ್ದಾಗ. ನೀವು ಆಸ್ಪತ್ರೆಯಿಂದ ಫೋನು ಮಾಡಿದಾಗ ಇದು ನನ್ನ ಮನೆಯಲ್ಲಿತ್ತು."

ಕ್ಯಾರೊಲ್ ತಲೆಯಾಡಿಸಿದರು. ಲೆಕ್ಕ ತಪ್ಪಿದ ಮಗುವಿನ ಉತ್ತರವನ್ನು ಪೂರ್ತಿ ಕೇಳಿಸಿಕೊಳ್ಳುವ ಟೀಚರಿನ ಹಾಗೆ. ಆಮೇಲೆ ಮಾತಾಡಿದರು, ನಿಧಾನವಾಗಿ.

"ನೀವು ಹೇಳಿದ ಹಾಗೇ ಮಾಡಿದೆ. ಅಮ್ಮ ನನ್ನ ಕೈ ಹಿಡಿದು, ನೀನು ನನ್ನನ್ನು ನಂಬುತ್ತೀಯಾ ಕ್ಯಾರೊಲ್ ಅಂದಳು. ಹೌದಮ್ಮ, ನಂಬುತ್ತೇನೆ ಅಂದೆ. ಅಮ್ಮ ನನ್ನನ್ನೇ ನೋಡಿದಳು. ಎಂಥವಳು ಅವಳು, ಶ್ರೀ — ಧ್ವನಿಯನ್ನೇ ಉಂಡು ಬದುಕಿದವಳು. ಒಳಗೆ ಏನೂ ಇಲ್ಲದೆ ಬರೀ ಬಾಯಿಂದ ಹೇಳಿದ ಮಾತು ಅವಳಿಗೆ ಗೊತ್ತಾಗದೇ ಇರುತ್ತದಾ? ನನ್ನ ಕೈ ತಟ್ಟಿದಳು. ಪಾತ್ರ ಚೆನ್ನಾಗಿ ಮಾಡಿದೆ ಕಣೇ ಅಂದಳು. ಅದೇ ಕೊನೆ. ಆಮೇಲೆ ಆನಾ ಮಾತು ಎತ್ತಲೇ ಇಲ್ಲ."

ಕ್ಷಮಿಸಿ ಎನ್ನಬೇಕೆಂದು ಬಾಯಿ ತೆರೆದೆ. ಕ್ಯಾರೊಲ್ ಕೈಯೆತ್ತಿ ತಡೆದರು.

"ಟೇಪುಗಳಿವೆಯಾ? ಅಮ್ಮ ನಿಮ್ಮ ಜೊತೆ ಮಾತಾಡಿದ್ದು?"

"ಎಲ್ಲ ಇವೆ."

"ತನ್ನಿ. ಪ್ರತಿ ಶನಿವಾರ ತನ್ನಿ. ನಾನು ಮೊದಲಿನಿಂದ ಕೇಳಬೇಕು. ನೀವು ಅಲ್ಲಿ, ಆ ಕುರ್ಚಿಯಲ್ಲಿ ಕೂರಬೇಕು. ಏನನ್ನೂ ವಿವರಿಸಬೇಡಿ."

ಶ್ರೀಮತಿ ಎಚ್ ಹೇಳಿದ್ದು ನಿಜ, ಅದು ತಿಳಿದೂ ನಾನು ಮುಚ್ಚಿಟ್ಟೆ ಎಂದು ಪ್ರಬಂಧ ಅಚ್ಚಾದ ಪತ್ರಿಕೆಗೆ ಬರೆದು ಕಳಿಸಿದ್ದೇನೆ. ಕ್ಯಾರೊಲ್ ಒಪ್ಪಿಗೆಯಿಂದ ಹೇಝೆಲ್ ಅವರ ಪೂರ್ತಿ ಹೆಸರು ಕೊಟ್ಟಿದ್ದೇನೆ. ವಿಶ್ವವಿದ್ಯಾಲಯದವರು ಕರೆಸಿ ಮಾತಾಡುತ್ತಾರಂತೆ. ಕರೆಸಲಿ. ಅದು ಸುಲಭದ ಭಾಗ.

ಕಷ್ಟದ್ದು ಶನಿವಾರಗಳು. ಟೇಪಿನಲ್ಲಿ ಹೇಝೆಲ್ ಮಾತಾಡುತ್ತಾರೆ — ಅಳುವ ಕೂಸಿನ ಬಗ್ಗೆ, ತೇಲಿ ಬೀಳುವ ಹಾಳೆಗಳ ಬಗ್ಗೆ, ಪ್ರಸಾರದ ಕೆಂಪು ದೀಪ ಹೊತ್ತಿಕೊಳ್ಳುವ ಮುಂಚಿನ ಆ ಒಂದು ನಿಮಿಷದ ಬಗ್ಗೆ. ಕ್ಯಾರೊಲ್ ಕಣ್ಣು ಮುಚ್ಚಿ ಕೇಳುತ್ತಾರೆ. ಒಮ್ಮೊಮ್ಮೆ ತಮ್ಮಷ್ಟಕ್ಕೆ ನಗುತ್ತಾರೆ. ಮಾತಿಗೆ ಕಾವು ಏರಿ, ಹೇಝೆಲ್ ಇನ್ನೇನು ಆ ಸ್ಟುಡಿಯೋದೊಳಗೆ ಕಾಲಿಟ್ಟರು ಎನ್ನುವಾಗ ಎಳೆಯ ಗಂಡು ಧ್ವನಿಯೊಂದು, ನಯವಾಗಿ, ತುಂಬ ವಿನಯದಿಂದ ಅಡ್ಡ ಬರುತ್ತದೆ: "ಇದು ನಿಮಗೆ ಖಚಿತವಾಗಿ ನೆನಪಿದೆಯೇ?" ಹೇಝೆಲ್ ನಿಲ್ಲುತ್ತಾರೆ. ಮೂಗಿನಿಂದ ಉಸಿರೆಳೆದುಕೊಳ್ಳುತ್ತಾರೆ. ಮತ್ತೆ ಮೊದಲಿನಿಂದ, ತಾಳ್ಮೆಯಿಂದ, ಅವನಿಗೆ ಹೇಳಲು ಶುರು ಮಾಡುತ್ತಾರೆ. ನಾನು ಕುರ್ಚಿಯಲ್ಲಿ ಕೂತಿರುತ್ತೇನೆ. ಇನ್ನೂ ಅರ್ಧಕ್ಕಿಂತ ಹೆಚ್ಚು ಟೇಪುಗಳು ಉಳಿದಿವೆ.